ಸಂಬೋಧನೆಯ ರೂಪಾಂತರ: ಕನ್ನಡ ಶೇಕ್ಸ್‌ಪಿಯರ್ ಮತ್ತು ನಂಜನಗೂಡು–ತಿ. ನರಸೀಪುರ ಸೀಮೆಯ ‘ನೀನು–ನೀವು’

ಶೇಕ್ಸ್‌ಪಿಯರನ ಕನ್ನಡ ರೂಪಾಂತರಗಳನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಹೆಸರು, ದೇಶಕಾಲ, ಛಂದಸ್ಸುಗಳ ಪಲ್ಲಟವನ್ನೇ ಗಮನಿಸಿದೆ. 1871ರಲ್ಲಿ ಚನ್ನಬಸಪ್ಪನವರು ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿದರು, 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಲ್ಲಿ ಮ್ಯಾಕ್‌ಬೆತ್ ಭಾರತೀಯನಾದ, 1932ರಲ್ಲಿ ಕುವೆಂಪು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದರು. ಈ ಪಲ್ಲಟಗಳ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೂಪಾಂತರದ ನಿರ್ಣಾಯಕ ಘಟ್ಟವು ಸಂಬೋಧನೆಯ ವ್ಯಾಕರಣದಲ್ಲಿದೆ ಎಂಬುದು ನಮ್ಮ ವಾದ.

ಶೇಕ್ಸ್‌ಪಿಯರನ ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ ‘ದೌ’ ಮತ್ತು ‘ಯೂ’ ಎಂಬ ಎರಡು ರೂಪಗಳಿದ್ದವು. ಅಂತಃಪುರದ ದೃಶ್ಯದಲ್ಲಿ ಗರ್ಟ್ರೂಡ್ ಮಗನನ್ನು ಏಕವಚನದಲ್ಲಿ ಆಕ್ಷೇಪಿಸುತ್ತಾಳೆ. ಹ್ಯಾಮ್ಲೆಟ್ ಅದೇ ವಾಕ್ಯರಚನೆಯನ್ನು ಬಹುವಚನದಲ್ಲಿ ಹಿಂದಿರುಗಿಸುತ್ತಾನೆ. ಇಲ್ಲಿ ಬಹುವಚನವು ಗೌರವವಲ್ಲ, ದೂರ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಅಧಿಕಾರ ಹಾಗೂ ಆತ್ಮೀಯತೆಗಳ ಸರ್ವನಾಮಗಳೆಂದು ವಿವರಿಸಿದ ವ್ಯವಸ್ಥೆ ಇದು. ಶೇಕ್ಸ್‌ಪಿಯರನಲ್ಲಿ ಇದರ ಬಳಕೆ ಎಲ್ಲೆಡೆ ನಿಯತವಲ್ಲವಾದರೂ ಇಂಥ ಸ್ಥಳಗಳಲ್ಲಿ ಅದು ಅರ್ಥವನ್ನೇ ಹೊತ್ತಿದೆ.

ಕನ್ನಡವು ಈ ವ್ಯತ್ಯಾಸವನ್ನು ಸರ್ವನಾಮದಲ್ಲಿ ಮಾತ್ರವಲ್ಲದೆ ಕ್ರಿಯಾಪದದಲ್ಲಿಯೂ (‘ಬಾ–ಬನ್ನಿ’) ದಾಖಲಿಸುತ್ತದೆ. ‘ಕನವ್ವ’, ‘ಕನಪ್ಪ’ ಎಂಬ ವಾಕ್ಯಾಂತ್ಯದ ರೂಪಗಳಲ್ಲಿ ಕೇಳುಗರ ಗುರುತೂ ಉಳಿಯುತ್ತದೆ. ಕಪಿಲೆ–ಕಾವೇರಿಗಳ ನಡುವಣ ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಮಗನು ಅವ್ವನಿಗೆ ‘ನೀನು’ ಎನ್ನುವುದೇ ಸಹಜ. ಅವನು ಒಮ್ಮೆಗೇ ‘ನೀವು’ ಎಂದರೆ ಹ್ಯಾಮ್ಲೆಟ್‌ನ ಶೈತ್ಯ ಯಾವ ವಿವರಣೆಯೂ ಇಲ್ಲದೆ ಕಿವಿಗೆ ಮುಟ್ಟುತ್ತದೆ.

ಆದರೆ ‘ಮ್ಯಾಕ್‌ಬೆತ್’ನ ದಂಪತಿಗಳ ವಿಷಯದಲ್ಲಿ ತೊಡಕು ಬೇರೆ. ಲೇಡಿ ಮ್ಯಾಕ್‌ಬೆತ್ ಪತ್ರವನ್ನೋದುತ್ತ ದೂರದ ಗಂಡನನ್ನು ಏಕವಚನದಲ್ಲಿಯೂ ಔತಣದ ಸಭೆಯಲ್ಲಿ ಬಹುವಚನದಲ್ಲಿಯೂ ಕರೆಯುತ್ತಾಳೆ. ಈ ಸೀಮೆಯಲ್ಲಿ ಗಂಡನಿಗೆ ‘ನೀನು’ ಎನ್ನುವ ಸಮುದಾಯಗಳೂ ‘ನೀವು’ ಎನ್ನುವ ಸಮುದಾಯಗಳೂ ಉಂಟು. ದುಡಿಯುವ ಜಾತಿಗಳವರು ಒಡೆಯನಿಗೆ ‘ಬುದ್ದಿ’ ಎನ್ನಬೇಕಾಗಿದ್ದ ಸಂಬೋಧನೆಯ ಚರಿತ್ರೆಯೂ ಇಲ್ಲಿದೆ. ಆದುದರಿಂದ ಸರ್ವನಾಮವನ್ನು ಆರಿಸುವುದೆಂದರೆ ಪಾತ್ರದ ಜಾತಿಯನ್ನು ಆರಿಸುವುದೇ ಆಗುತ್ತದೆ.

ಕಾವ್ಯಭಾಷೆಯು ಈ ಆಯ್ಕೆಯನ್ನು ಮುಂದೂಡಲು ಅವಕಾಶ ಕೊಡುತ್ತದೆ. ದೇವರನ್ನೂ ಅರಸನನ್ನೂ ಏಕವಚನದಲ್ಲಿ ಕರೆಯಬಲ್ಲ ಪರಂಪರೆ ನಮ್ಮದು. ಅಲ್ಲಿ ‘ನೀನು’ ಸಲಿಗೆಯೂ ಅಲ್ಲ, ತಿರಸ್ಕಾರವೂ ಅಲ್ಲ. ‘ಟೆಂಪೆಸ್ಟ್’ ಆಧರಿಸಿದ ‘ಬಿರುಗಾಳಿ’ಗೆ (1930) ಕುವೆಂಪು ಸರಳರಗಳೆಯನ್ನು ಆಯ್ದಾಗ ದೊರೆತದ್ದು ಲಯವಷ್ಟೇ ಅಲ್ಲ, ಈ ವಿನಾಯಿತಿಯೂ ಹೌದು. ಆದರೆ ವಿನಾಯಿತಿಗೆ ಬೆಲೆಯುಂಟು: ಏಕವಚನವು ಎಲ್ಲರಿಗೂ ಸಲ್ಲುವಲ್ಲಿ ಬಹುವಚನಕ್ಕೆ ಹೊರಳುವ ಹ್ಯಾಮ್ಲೆಟ್‌ನ ಪೆಟ್ಟು ಮೊಂಡಾಗುತ್ತದೆ.

ಪಾತ್ರವನ್ನು ಒಂದು ಜಾತಿಗೆ, ಒಂದು ಸೀಮೆಗೆ ಕಟ್ಟಿದರೆ ಕೃತಿಯ ಸಾರ್ವತ್ರಿಕತೆ ಕುಗ್ಗುವುದೆಂಬ ಆಕ್ಷೇಪ ನಿರೀಕ್ಷಿತವೇ. ಶಿಷ್ಟಕನ್ನಡವೂ ಜಾತ್ಯತೀತ ನೆಲೆಯಲ್ಲವೆಂಬುದು ನಮ್ಮ ಉತ್ತರ; ವಿದ್ಯಾವಂತ ಮೇಲ್ವರ್ಗದ ಸಂಬೋಧನಾಕ್ರಮವೇ ಅಲ್ಲಿ ‘ತಟಸ್ಥ’ವೆಂಬ ಹೆಸರು ಪಡೆದಿದೆ. ನಂಜನಗೂಡು ತಾಲ್ಲೂಕಿನವರಾದ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಈ ಸೀಮೆಯ ನುಡಿಗೆ ಗಂಭೀರ ಕಥನವನ್ನು ಹೊರುವ ಕಸುವಿದೆಯೆಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದೆ. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವು ಮ್ಯಾಕ್‌ಬೆತ್‌ನನ್ನು ನಾಯಕನಾಗಿಸಿತು, ಹುಲುಗಪ್ಪ ಕಟ್ಟೀಮನಿಯವರು ಅದನ್ನು ಸೆರೆಮನೆಯ ಶಿಕ್ಷಾಬಂದಿಗಳಿಂದ ಆಡಿಸಿದರು. ಇಂಥ ಪ್ರಯೋಗಗಳನ್ನು ಅಭ್ಯಸಿಸುವವರು ಯಾರು ಯಾರಿಗೆ, ಯಾವ ಗಳಿಗೆಯಲ್ಲಿ, ಯಾವ ವಚನದಲ್ಲಿ ಮಾತನಾಡಿದರೆಂಬುದನ್ನು ದೃಶ್ಯಾನುಕ್ರಮವಾಗಿ ಗುರುತಿಸಬೇಕು. ಹೆಸರು ಬದಲಾದ ಮಾತ್ರಕ್ಕೆ ಪರದೇಶದ ದೊರೆ ನಮ್ಮವನಾಗುವುದಿಲ್ಲ. ಅವನನ್ನು ಆಳು ಏನೆಂದು ಕರೆಯುತ್ತಾನೆಂಬುದು ತೀರ್ಮಾನವಾದಾಗಲೇ ಅವನು ಈ ನೆಲದವನು.