ಚೀವರನ ‘ದಿ ಸ್ವಿಮ್ಮರ್’: ಉಪನಗರದ ನೆರೆಹೊರೆ
ಜಾನ್ ಚೀವರನು 1964ರಲ್ಲಿ ಪ್ರಕಟಿಸಿದ ‘ದಿ ಸ್ವಿಮ್ಮರ್’ ಕಥೆಯನ್ನು ನೆಡ್ಡಿ ಮೆರಿಲ್ ಎಂಬ ವ್ಯಕ್ತಿಯ ಪತನದ ಚಿತ್ರವೆಂದು ಓದುವುದು ವಾಡಿಕೆ. ಆದರೆ ಅದರ ನಿಜವಾದ ವಸ್ತು ಅಮೆರಿಕದ ಸಿರಿವಂತ ಉಪನಗರದ ಸಮಾಜವೇ ಆಗಿದೆ.

ಎಂಟು ಮೈಲಿ ದೂರದ ತನ್ನ ಮನೆಯನ್ನು ನೆರೆಯವರ ಈಜುಕೊಳಗಳನ್ನು ಒಂದೊಂದಾಗಿ ಈಜಿ ಸೇರಲೆಳಸುವ ನೆಡ್ಡಿಯು ಆ ಕೊಳಗಳ ಸಾಲಿಗೆ ನದಿಯೆಂದು ಹೆಂಡತಿಯ ಹೆಸರನ್ನಿಡುತ್ತಾನೆ. ಮೊದಮೊದಲು ಆದರದ ಪಾನೋಪಚಾರ ದೊರೆಯುತ್ತದೆ. ಮುಂದೆ, ತಾನು ಕೀಳಾಗಿ ಕಂಡಿದ್ದ ಬಿಸ್ವಾಂಗರ್ ದಂಪತಿಗಳ ಔತಣದಲ್ಲಿ ಪರಿಚಾರಕನೂ ಅವನನ್ನು ಅಸಡ್ಡೆಯಿಂದ ನಡೆಸಿಕೊಳ್ಳುತ್ತಾನೆ. ಅವನ ಸಂಪತ್ತು ಕರಗಿದ್ದನ್ನು ನೆರೆಯವರು ಬಲ್ಲರು; ಮರೆತವನು ಅವನೊಬ್ಬನೇ. ಹ್ಯಾಲೊರನ್ ದಂಪತಿಗಳ ಮರುಕವೂ ಮಾತಿನಲ್ಲಿಯೇ ಮುಗಿಯುತ್ತದೆ.

ನದಿ ಊರಿನದು, ಕೊಳ ಒಡೆಯನದು. ಈ ಭೇದವನ್ನು ನೆಡ್ಡಿ ಕಾಣದಿರುವುದೇ ಕಥೆಯ ವ್ಯಂಗ್ಯ. ಆದಕಾರಣ ಕೊನೆಯಲ್ಲಿ ಎದುರಾಗುವ ಬೀಗ ಬಿದ್ದ ಬರಿಮನೆಯು ಒಬ್ಬನ ಸೋಲನ್ನು ಮಾತ್ರವಲ್ಲ, ಒಬ್ಬರನ್ನೊಬ್ಬರು ಬಲ್ಲವರಾಗಿಯೂ ಒಬ್ಬರ ಹೊಣೆಯನ್ನೊಬ್ಬರು ಹೊರದ ಸಮುದಾಯದ ಬಡತನವನ್ನೂ ಸೂಚಿಸುತ್ತದೆ.