ಗಣತಿಗೆ ಸಿಕ್ಕದ ಓದುಗ: ಡೆಬಿಯನ್ ಪಟ್ಟಿಯೂ ಎರಡು ಕನ್ನಡ ಫಾಂಟುಗಳೂ

ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳು ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಭಂಡಾರದಲ್ಲಿ ಸ್ಥಾನ ಪಡೆದಿವೆ. ಇಂಥ ಸಣ್ಣ ಕೃತಿಗಳನ್ನು ಬಿಡುವಿನ ವೇಳೆಯಲ್ಲಿ ಸಾಕಿ ಸಲಹುವವರ ಮನಸ್ಸಿನಲ್ಲಿ, ಇವನ್ನು ಬಳಸುವವರು ಯಾರು, ಎಷ್ಟು ಮಂದಿ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಕೊಡುತ್ತದೆಂದು ತೋರುವ ಒಂದು ಆಕರ 'ಪಾಪ್ಯುಲಾರಿಟಿ ಕಾಂಟೆಸ್ಟ್' ಎಂಬ ಡೆಬಿಯನ್ನಿನ ಬಳಕೆ ಗಣತಿ. ಶಾಸನವನ್ನೋ ಹಸ್ತಪ್ರತಿಯನ್ನೋ ಪರೀಕ್ಷಿಸುವ ರೀತಿಯಲ್ಲಿಯೇ ಈ ಪಟ್ಟಿಯನ್ನೂ ಪರೀಕ್ಷಿಸಬೇಕೆಂಬುದು ನನ್ನ ವಾದ.

ಗಣತಿಯ ಕ್ರಮ ಹೀಗಿದೆ. ಯಂತ್ರದಲ್ಲಿ ಡೆಬಿಯನ್ನನ್ನು ಸ್ಥಾಪಿಸುವಾಗ ಗಣತಿಗೆ ಸೇರುವಿರಾ ಎಂಬ ಪ್ರಶ್ನೆ ಬರುತ್ತದೆ. ಮೊದಲೇ ಗುರುತಿಸಿಟ್ಟಿರುವ ಉತ್ತರ 'ಇಲ್ಲ' ಎಂಬುದು. ಒಪ್ಪಿದವರ ಯಂತ್ರವು ವಾರಕ್ಕೊಮ್ಮೆ, ಹೆಸರು ತಿಳಿಸದೆ, ತನ್ನಲ್ಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಕಳುಹಿಸುತ್ತದೆ. ಪ್ಯಾಕೇಜು ಬಳಕೆಯಲ್ಲಿದೆಯೇ ಎಂಬುದನ್ನು ಅದರ ಕಡತಗಳನ್ನು ಕೊನೆಯ ಸಲ ತೆರೆದ ಕಾಲದಿಂದ ಊಹಿಸಲಾಗುತ್ತದೆ. ತಿಂಗಳಿಗೂ ಹೆಚ್ಚು ಕಾಲ ಮುಟ್ಟದಿದ್ದುದು 'ಹಳತು' ಎಂಬ ವರ್ಗಕ್ಕೆ ಸೇರುತ್ತದೆ. ತೆರೆದ ಕಾಲವನ್ನು ಬರೆದಿಡದಂತೆ ಯಂತ್ರವನ್ನು ಅಣಿಗೊಳಿಸಿದವರ ಮಟ್ಟಿಗೆ ಈ ಊಹೆಗೂ ಆಧಾರವಿಲ್ಲ. ಭಂಡಾರದ ಮೊದಲ ಸಿ.ಡಿ.ಯಲ್ಲಿ ಯಾವ ಪ್ಯಾಕೇಜುಗಳಿಗೆ ಎಡೆ ಕೊಡಬೇಕೆಂಬುದನ್ನು ತೀರ್ಮಾನಿಸುವುದಕ್ಕೆ ಈ ಅಂಕಿಗಳು ಒದಗುತ್ತಿದ್ದುವು. ಆದುದರಿಂದ ಇದು ಕೇವಲ ಕುತೂಹಲದ ಪಟ್ಟಿಯಲ್ಲ. ಯಾರಿಗೆ ಮುಂದಣ ಸಾಲು, ಯಾರಿಗೆ ಹಿಂದಣ ಸಾಲು ಎಂಬ ತೀರ್ಪಿನ ಬೀಜ ಇದರಲ್ಲಿದೆ.

ಈಗ ಕನ್ನಡದ ಕಡೆಗೆ ನೋಡೋಣ. ಕೊನೆಯ ಸಲ ತೆರೆದ ಕಾಲವನ್ನು ಗಣತಿಯು ನೋಡುವುದು ಕಾರ್ಯಕ್ರಮಗಳಿಗೆ ಸಂಬಂಧಿಸಿದ ಕಡತಗಳಲ್ಲಿ ಮಾತ್ರ. ಫಾಂಟು ಕಾರ್ಯಕ್ರಮವಲ್ಲ. ಆದಕಾರಣ ಗುಬ್ಬಿಯಾಗಲಿ ನವಿಲಾಗಲಿ 'ಕಡತವಿಲ್ಲ' ಎಂಬ ವರ್ಗಕ್ಕೆ ಸಲ್ಲುತ್ತದೆ. ದಿನವಿಡೀ ಕನ್ನಡ ಓದುವವನ ಯಂತ್ರದಲ್ಲಿಯೂ, ಒಂದು ಅಕ್ಷರವನ್ನೂ ಓದದವನ ಯಂತ್ರದಲ್ಲಿಯೂ ಅದರ ಸ್ಥಿತಿ ಒಂದೇ. ಓದುವಿಕೆಯೆಂಬುದೇ ಈ ಗಣತಿಯ ಕಣ್ಣಿಗೆ ಬೀಳದ ಕ್ರಿಯೆ.

ಇನ್ನೊಂದು ತೊಡಕು ಇದಕ್ಕೆ ವಿರುದ್ಧವಾದುದು. ಭಾರತೀಯ ಲಿಪಿಗಳ ಫಾಂಟುಗಳನ್ನೆಲ್ಲ ಒಟ್ಟಿಗೆ ತರುವ ಒಂದು ಪ್ಯಾಕೇಜು ಡೆಬಿಯನ್ನಿನಲ್ಲಿದೆ. ತೆಲುಗಿಗಾಗಿಯೋ ಬಂಗಾಳಿಗಾಗಿಯೋ ಅದನ್ನು ಹಾಕಿಕೊಂಡವರ ಯಂತ್ರಕ್ಕೆ ಗುಬ್ಬಿ, ನವಿಲುಗಳೂ ಬಂದು ಸೇರುತ್ತವೆ. ಪಟಾನ್‌ಚೆರುವಿನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯೂ ದೊಡ್ಡ ಕೈಗಾರಿಕಾ ಪ್ರದೇಶವೂ ಇರುವ ಈ ಊರು, ಹುಮನಾಬಾದಿನಿಂದ ಹೈದರಾಬಾದಿಗೆ ಬರುವ ಹೆದ್ದಾರಿಯ ಮೇಲಿದೆ. ಇಲ್ಲಿ ನೆಲಸಿದ ಬೀದರಿನ ಕನ್ನಡಿಗನೊಬ್ಬ ಯಂತ್ರದ ಭಾಷೆಯನ್ನು ಇಂಗ್ಲಿಷಿನಲ್ಲಿಯೇ ಇಟ್ಟುಕೊಂಡು, ನೋಟೋ ಫಾಂಟಿನಲ್ಲಿ ಕನ್ನಡ ಓದುತ್ತಾನೆಂದು ಭಾವಿಸೋಣ. ಗುಬ್ಬಿಯ ಲೆಕ್ಕದಲ್ಲಿ ಅವನಿಲ್ಲ. ಪಕ್ಕದ ಮನೆಯ ತೆಲುಗರ ಯಂತ್ರ ಆ ಲೆಕ್ಕದಲ್ಲಿರಬಹುದು. ಕಾಗಪ ಕೀಲಿವಿನ್ಯಾಸದ ಸ್ಥಿತಿ ಇನ್ನೂ ವಿಚಿತ್ರ. ಅದು ಲೋಕದ ಸಮಸ್ತ ಕೀಲಿವಿನ್ಯಾಸಗಳೊಡನೆ ಒಂದೇ ಪ್ಯಾಕೇಜಿನಲ್ಲಿ ಅಡಗಿರುವುದರಿಂದ ಸ್ವೀಡನ್ನಿನ ಯಂತ್ರದಲ್ಲಿಯೂ ಇದ್ದೇ ಇರುತ್ತದೆ!

ನಮ್ಮ ವಿದ್ವಾಂಸರಿಗೆ ಈ ಬಗೆಯ ಆಕರ ಹೊಸದಲ್ಲ. ಪಟಾನ್‌ಚೆರುವೇ ಚಾಲುಕ್ಯರ ಕಾಲದ ಪೊಟ್ಟಳಕೆರೆ. 11ನೆಯ ಶತಮಾನದಲ್ಲಿ ಇಮ್ಮಡಿ ಜಯಸಿಂಹನ ನೆಲೆವೀಡು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಎಲ್ಲೆಗಳ ವಿವರವಿದೆ. ಆ ನೆಲವನ್ನು ಉತ್ತವರ ಹೆಸರು ಅಪೂರ್ವ. ಅಷ್ಟರಿಂದ ಉಳುವವರಿರಲಿಲ್ಲವೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ. ಡೆಬಿಯನ್ ಪಟ್ಟಿಯ ವಿಷಯದಲ್ಲಿಯಾದರೋ ಈ ಎಚ್ಚರ ತಪ್ಪುವುದು ಸುಲಭ, ಏಕೆಂದರೆ ಅದು ಅಂಕಿಗಳ ರೂಪದಲ್ಲಿದೆ. ಅಂಕಿ ಕಂಡೊಡನೆ ನಾವು ಪ್ರಶ್ನೆ ಕೇಳುವುದನ್ನು ಬಿಡುತ್ತೇವೆ. ಜನಗಣತಿಯವನು ಮನೆಬಾಗಿಲಿಗೆ ಬಂದು ಮಾತೃಭಾಷೆ ಯಾವುದೆಂದು ಬಾಯಿಬಿಟ್ಟು ಕೇಳುತ್ತಾನೆ. ಈ ಗಣತಿ ಅದನ್ನು ಕೇಳುವುದೇ ಇಲ್ಲ.

ಹಾಗಾದರೆ ಇನ್ನೂ ಆಳವಾಗಿ ಎಣಿಸಬಹುದಲ್ಲವೆ ಎನ್ನಬಹುದು. ಯಾವ ಲಿಪಿಯನ್ನು ಯಾರು ಎಷ್ಟು ಹೊತ್ತು ಓದಿದರೆಂಬುದನ್ನು ತಿಳಿಯಬೇಕಾದರೆ ಓದುವವನ ಹೆಗಲ ಮೇಲಿನಿಂದ ಇಣುಕಬೇಕಾಗುತ್ತದೆ. 2021ರಲ್ಲಿ ಆಡಾಸಿಟಿ ಎಂಬ ಧ್ವನಿಸಂಪಾದನ ತಂತ್ರಾಂಶಕ್ಕೆ, ಗೂಗಲ್ ಮತ್ತು ಯಾಂಡೆಕ್ಸ್ ಸೇವೆಗಳ ಮೂಲಕ ಬಳಕೆಯ ಮಾಹಿತಿ ಸಂಗ್ರಹಿಸುವ ಏರ್ಪಾಡನ್ನು ಸೇರಿಸಲು ಹೊರಟಾಗ ಬಳಕೆದಾರರು ಪ್ರತಿಭಟಿಸಿದರು. ಆ ಯೋಜನೆಯನ್ನು ಕೈಬಿಡಬೇಕಾಯಿತು. ಡೆಬಿಯನ್ನಿನ 'ಇಲ್ಲ' ಎಂಬ ಪೂರ್ವನಿಶ್ಚಿತ ಉತ್ತರವು ಗಣತಿಯನ್ನು ಬಡವಾಗಿಸುವುದು ನಿಜ. ಆದರೂ ಆ ಬಡತನವೇ ನನಗೆ ಸಹ್ಯವಾಗಿ ತೋರುತ್ತದೆ.

ಪಟ್ಟಿ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಒಪ್ಪಿ ಸೇರಿದ ಇಷ್ಟು ಯಂತ್ರಗಳಲ್ಲಿ ಈ ಫಾಂಟು ಇದೆ ಎಂಬಷ್ಟನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಓದುಗನಿರುವುದಕ್ಕೆ ಸಾಕ್ಷಿ ಬೇಕಾದರೆ ದೋಷವರದಿಗಳನ್ನು ನೋಡಬೇಕು. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಸರಿಯಾಗಿ ಮೂಡಿ, 'ರ‍್ಯಾಂಕ್' ಎಂಬಲ್ಲಿ ರಕಾರಕ್ಕೆ ಯಕಾರದ ಒತ್ತು ಕೂಡದೆ ಹೋಯಿತೆಂದು ಒಬ್ಬ ಬರೆದನೆನ್ನಿ. ಅವನು ಕನ್ನಡ ಓದುತ್ತಿದ್ದನು, ಈ ಫಾಂಟಿನಲ್ಲಿಯೇ ಓದುತ್ತಿದ್ದನು, ಒತ್ತಕ್ಷರದ ಭೇದವನ್ನು ಬಲ್ಲವನಾಗಿದ್ದನು ಎಂಬ ಮೂರೂ ಒಂದೇ ವರದಿಯಿಂದ ಸಿದ್ಧಿಸುತ್ತವೆ. ಹೊರನಾಡಿನ ಸಂಘಗಳ ಸದಸ್ಯರು ಗಣತಿಯ ಪ್ರಶ್ನೆಗೆ 'ಹೌದು' ಎಂದರೆ ಒಳ್ಳೆಯದೇ. ಅದರೊಡನೆ, ಓದುವಾಗ ಎಡವಿದ ಒತ್ತಕ್ಷರವನ್ನು ಗುರುತುಹಾಕಿ ಫಾಂಟನ್ನು ಸಾಕುವವರಿಗೆ ಎರಡು ಸಾಲು ಬರೆಯುವುದು ಇನ್ನೂ ಉಪಯುಕ್ತ.