ಕತ್ತರಿ ಯಾರ ಕೈಯಲ್ಲಿದೆ?

ಸಿನಿಮಾ ಅಂದರೆ ಕನಸು ಅಂತ ಬಲ್ಲವರು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಇರಲಿ. ಆದರೆ ಯಾರ ಕನಸು? ಅದನ್ನು ಕತ್ತರಿಸಿ ಜೋಡಿಸಿದ ಕೈ ಯಾರದು? ಇದನ್ನು ಕೇಳದೆ ಸಂಕಲನ ಕಲೆಯನ್ನು ಹಾಡಿಹೊಗಳುವುದು ನಮ್ಮಿಂದಾಗದ ಕೆಲಸ.

ಮೊದಲು ಅವರ ಮಾತಿನಲ್ಲಿರುವ ಸತ್ಯವನ್ನು ಒಪ್ಪೋಣ. ಪರದೆಯ ಮೇಲೆ ಒಬ್ಬ ಮನೆಯ ಬಾಗಿಲು ತೆರೆಯುತ್ತಾನೆ, ಮರುಗಳಿಗೆ ಪಟ್ಟಣದ ಬೀದಿಯಲ್ಲಿರುತ್ತಾನೆ. ನಡುವಿನ ದಾರಿ ಎಲ್ಲಿ ಹೋಯ್ತು ಅಂತ ಯಾರೂ ಕೇಳುವುದಿಲ್ಲ. ಕನಸಿನಲ್ಲಿ ನಾವೆಲ್ಲ ಹೀಗೇ ತಿರುಗಾಡಿದವರು. ಬಸ್ಟರ್ ಕೀಟನ್ 1924ರ 'ಷರ್ಲಾಕ್ ಜೂನಿಯರ್'ನಲ್ಲಿ ಇದನ್ನೇ ತಮಾಷೆ ಮಾಡಿ ತೋರಿಸಿದ. ಪ್ರೊಜೆಕ್ಟರ್ ನಡೆಸುವ ಹುಡುಗ ನಿದ್ದೆಹೋಗಿ, ಕನಸಿನಲ್ಲಿ ಪರದೆಯೊಳಕ್ಕೆ ನುಗ್ಗುತ್ತಾನೆ. ಕೂರಲು ಹೋದರೆ ಬೆಂಚು ಮಾಯ. ಸಮುದ್ರಕ್ಕೆ ಧುಮುಕಿದರೆ ತಲೆ ಹಿಮದೊಳಗೆ. ಹೊಟ್ಟೆತುಂಬ ನಕ್ಕ ಮೇಲೆ ನಮಗೆ ಹೊಳೆದದ್ದು ಇಷ್ಟು: ಬೇರೆಯವರ ಕತ್ತರಿಗೆ ಸಿಕ್ಕವನಿಗೆ ನಿಲ್ಲಲು ನೆಲವೇ ಇಲ್ಲ.

ಎಚ್ಚರದಲ್ಲೂ ಕಣ್ಣು ಕತ್ತರಿಸುತ್ತಲೇ ಇರುತ್ತದೆ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣಿನಿಂದ ಬಲಗಣ್ಣಿಗೆ ನೋಟ ಸರಿಸಿ ನೋಡಿ. ಕಣ್ಣು ಸರಿದದ್ದು ನಿಮಗೆ ಕಾಣುವುದಿಲ್ಲ, ಪಕ್ಕದಲ್ಲಿರುವ ಗೆಳೆಯನಿಗೆ ಕಾಣುತ್ತದೆ. ನೋಟ ಜಿಗಿಯುವ ಆ ಗಳಿಗೆಯನ್ನು ಮಿದುಳು ತೆಗೆದುಹಾಕಿ, ಎರಡು ತುದಿ ಸೇರಿಸಿ, ಏನೂ ತಪ್ಪಿಹೋಗಿಲ್ಲ ಅಂತ ನಂಬಿಸುತ್ತದೆ. 'ಅಪೋಕ್ಯಾಲಿಪ್ಸ್ ನೌ' (1979) ಚಿತ್ರದ ಸಂಕಲನಕಾರರಲ್ಲಿ ಒಬ್ಬನಾದ ವಾಲ್ಟರ್ ಮರ್ಚ್ ಸಿನಿಮಾದ ಕತ್ತರಿಯನ್ನು ಕನಸಿಗೂ ಕಣ್ಣು ಮಿಟುಕಿಸುವುದಕ್ಕೂ ಹೋಲಿಸಿದ್ದಾನೆ. ಒಂದು ಯೋಚನೆ ಮುಗಿದಲ್ಲಿ ರೆಪ್ಪೆ ಮುಚ್ಚುತ್ತದೆ ಎನ್ನುತ್ತಾನೆ.

ಇಲ್ಲಿಗೆ ನಿಂತರೆ ಮಾತು ಅರ್ಧವಾಯಿತು. ರಷ್ಯಾದ ಕುಲೆಶೋವ್ ನಟನೊಬ್ಬನ ಒಂದೇ ಮುಖವನ್ನು ಸೂಪಿನ ತಟ್ಟೆಗೆ, ಹೆಣದ ಪೆಟ್ಟಿಗೆಗೆ, ಒಬ್ಬ ಹೆಣ್ಣಿಗೆ ಜೋಡಿಸಿ ತೋರಿಸಿದನಂತೆ. ನೋಡಿದವರು ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರಂತೆ. ಮುಖ ಏನೂ ಮಾಡಿರಲಿಲ್ಲ. ಪಕ್ಕಕ್ಕೆ ಏನಿಟ್ಟರು ಎಂಬುದೇ ಅದರ ಅರ್ಥವಾಯಿತು. ನಮ್ಮ ಜನರ ಮುಖಕ್ಕೂ ಇದೇ ಗತಿ. ಕೇರಿಯ ಮುಖದ ಪಕ್ಕ ಹೆಂಡದ ಮಡಕೆ ಇಟ್ಟರೆ ಕುಡುಕ, ಧಣಿಯ ಪಾದ ಇಟ್ಟರೆ ನಂಬಿಗಸ್ಥ ಆಳು. ಪುಸ್ತಕ ಇಟ್ಟವರು ಎಷ್ಟು ಮಂದಿ?

ಊರು ಕೂಡ ಹೀಗೇ ನೋಡಲು ಕಲಿತಿದೆ. ತೇರು ನೋಡುತ್ತದೆ, ಗದ್ದೆ ನೋಡುತ್ತದೆ, ನಡುವೆ ಕೇರಿ ಬಂದಾಗ ರೆಪ್ಪೆ ಮುಚ್ಚುತ್ತದೆ. ಕಣ್ಣಿನ ರೆಪ್ಪೆ ಪ್ರಕೃತಿ ಕೊಟ್ಟದ್ದು, ಈ ರೆಪ್ಪೆ ಜಾತಿ ಕೊಟ್ಟದ್ದು. ಆದ್ದರಿಂದಲೇ ಸಿನಿಮಾದವನು ತೇರಿನಿಂದ ನೇರ ಗದ್ದೆಗೆ ಹಾರಿದಾಗ ಯಾರಿಗೂ ಏನೂ ತಪ್ಪಿಹೋಯಿತು ಅನ್ನಿಸುವುದಿಲ್ಲ.

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಫ್ಯಾಂಡ್ರಿ'ಯನ್ನು (2013) ನಾವು ಹಾಸ್ಟೆಲ್ಲಿನ ಗೋಡೆಗೆ ಬೆಡ್‌ಶೀಟು ಕಟ್ಟಿ ನೋಡಿದೆವು. ಕೈಕಾಡಿ ಹುಡುಗ ಜಬ್ಯಾನಿಗೂ ಕನಸಿದೆ: ಕರಿ ಹಕ್ಕಿಯೊಂದನ್ನು ಹಿಡಿದು ಸುಟ್ಟು ಬೂದಿ ಎರಚಿದರೆ ಮೇಲುಜಾತಿಯ ಶಾಲೂ ತನಗೆ ಒಲಿಯುತ್ತಾಳೆ. ಎಚ್ಚರದಲ್ಲಿ ಅವನ ಪಾಲಿಗೆ ಬಂದದ್ದು ಹಂದಿ ಹಿಡಿಯುವ ಕೆಲಸ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಮನೆಮಂದಿ ಅಲ್ಲಲ್ಲೇ ನಿಂತುಬಿಡುತ್ತಾರೆ, ಹಂದಿ ಮಾತ್ರ ತನ್ನ ಪಾಡಿಗೆ ಹೋಗುತ್ತದೆ. ಕೊನೆಗೆ ಆ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ನಡೆಯುವಾಗ ಹಿಂದೆ ಶಾಲೆಯ ಗೋಡೆ. ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆಯವರ ಚಿತ್ರ. ಒಮ್ಮೆ ಚಿತ್ರ, ಒಮ್ಮೆ ಹಂದಿ ಅಂತ ತುಂಡು ಮಾಡಿ ತೋರಿಸಬಹುದಿತ್ತು. ಆಗ ನಾವು ಒಂದನ್ನು ನೋಡಿ ಇನ್ನೊಂದನ್ನು ಮರೆಯುತ್ತಿದ್ದೆವು. ಮಂಜುಳೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟಿದ್ದಾರೆ. ರೆಪ್ಪೆ ಮುಚ್ಚಲು ಜಾಗ ಕೊಟ್ಟಿಲ್ಲ.

ಕಡೆಗೆ ಜಬ್ಯಾ ಎಸೆದ ಕಲ್ಲು ನೇರ ನಮ್ಮ ಮುಖಕ್ಕೇ ಬರುತ್ತದೆ, ಪರದೆ ಕತ್ತಲಾಗುತ್ತದೆ. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ನಾಚಿಕೆಯಾಯಿತು. ಆ ಕಲ್ಲು ಅವನನ್ನು ನೋಡಿ ನಕ್ಕವರಿಗೆ ಬಿದ್ದದ್ದು. ಹಂದಿ ಅಟ್ಟಿಸುವಾಗ ನಾವೂ ನಕ್ಕಿದ್ದೆವಲ್ಲ!

ಗೆಳೆಯರೇ, ಈಗ ಕತ್ತರಿ ನಮ್ಮ ಜೇಬಿನ ಮೊಬೈಲಿನಲ್ಲೂ ಇದೆ. ಕತ್ತರಿ ಸಿಕ್ಕ ಮಾತ್ರಕ್ಕೆ ಕಣ್ಣು ನಮ್ಮದಾಗಲಿಲ್ಲ. ಮುಂದಿನ ಸಲ ಸಿನಿಮಾ ನೋಡುವಾಗ, ಮೇಷ್ಟರು ಮಕ್ಕಳಿಗೆ ತೋರಿಸುವಾಗ, ಏನು ಕಂಡಿತು ಅಂತ ಕೇಳಿ ಸುಮ್ಮನಾಗಬೇಡಿ. ಆ ದೃಶ್ಯಕ್ಕೂ ಈ ದೃಶ್ಯಕ್ಕೂ ನಡುವೆ ಯಾರಿದ್ದರು ಅಂತಲೂ ಕೇಳಿ.